ಅಗ್ನಿಚೂರ್ಣದ ಪ್ರಮಾಣ: ಮಾನವೋ ಉನ್ಮಾನವೋ?

ದ್ರವ್ಯಗಳ ಪ್ರಮಾಣವನ್ನು ನಿರೂಪಿಸುವಲ್ಲಿ ಅನುಯೋಗದ್ವಾರಸೂತ್ರವು ಮಾನ, ಉನ್ಮಾನ, ಅವಮಾನ, ಗಣಿಮ, ಪ್ರತಿಮಾನ ಎಂದು ಐದು ಬಗೆಗಳನ್ನು ಎಣಿಸುತ್ತದೆ. ಪ್ರಸ್ಥ, ಆಢಕ, ದ್ರೋಣಗಳಿಂದ ಧಾನ್ಯವನ್ನು ಅಳೆಯುವುದು ಮಾನ. ಕರ್ಷ, ಪಲ, ತುಲೆಗಳಿಂದ ತೂಗುವುದು ಉನ್ಮಾನ. ಈ ಭೇದವನ್ನು ಮರೆತರೆ ಶಾಸ್ತ್ರಗ್ರಂಥದ ಅರ್ಥವು ಕೆಡುವುದೆಂಬುದಕ್ಕೆ ಶುಕ್ರನೀತಿಸಾರದ ಕೋವಿಮದ್ದಿನ ಪ್ರಕರಣವು ನಿದರ್ಶನವಾಗಿದೆ.

ಗುಸ್ತಾವ್ ಆಪರ್ಟರು 1882ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಈ ಗ್ರಂಥದ ಚರ್ಚೆಯು ಬಹುಮಟ್ಟಿಗೆ ಅದರ ಕಾಲವನ್ನು ಕುರಿತದ್ದು. ಪ್ರಾಚೀನ ಭಾರತದಲ್ಲಿ ಕೋವಿಗಳಿದ್ದುವೆಂಬುದಕ್ಕೆ ಆಪರ್ಟರು ಇದನ್ನು ಆಧಾರವಾಗಿ ಹಿಡಿದರು. ಇದು 19ನೆಯ ಶತಮಾನದ ರಚನೆಯೆಂದು ಲಲ್ಲನ್‌ಜಿ ಗೋಪಾಲರು 1962ರಲ್ಲಿ ವಾದಿಸಿದರು. ಕಾಲವು ಯಾವುದೇ ಆಗಲಿ, ಪ್ರಕರಣವು ಪ್ರಮಾಣದ ವಿಷಯದಲ್ಲಿ ಏನು ಹೇಳುತ್ತದೆಂಬುದು ಬೇರೆಯೇ ಪ್ರಶ್ನೆ.

ಅಲ್ಲಿ ಎರಡು ವಿಧಿಗಳುಂಟು. ಮದ್ದನ್ನು ಮಾಡುವಾಗ ಪೆಟ್ಲುಪ್ಪು 5 ಪಲ, ಗಂಧಕ 1 ಪಲ, ಎಕ್ಕ, ಕಳ್ಳಿ ಮೊದಲಾದವುಗಳ ಇದ್ದಿಲು 1 ಪಲ. ಪಲವು ಉನ್ಮಾನ. ಇದ್ದಿಲಿನ ಪುಡಿ ಹಗುರ, ಉಪ್ಪೂ ಗಂಧಕವೂ ಭಾರ; ಒಂದೇ ಬಟ್ಟಲಿನಿಂದ ಅಳೆದು ಬೆರೆಸಿದರೆ ಈ ಪಾಲು ನಿಲ್ಲದು. ಕೋವಿಗೆ ತುಂಬುವ ವಿಧಿಯಲ್ಲಾದರೋ, ನಳಿಗೆಯನ್ನು ಶುದ್ಧಿಮಾಡಿ, ಮದ್ದನ್ನು ಹಾಕಿ, ದಂಡದಿಂದ ಬುಡದಲ್ಲಿ ಗಟ್ಟಿಯಾಗಿ ಅಮುಕಿ, ಗುಂಡನ್ನು ಇಡಬೇಕೆಂದಿದೆ. ಪಲದ ಮಾತೇ ಇಲ್ಲ. ಇದನ್ನು ಲೋಪವೆಂದು ಭಾವಿಸಿ ಹಿಂದಿನ ಪಲವನ್ನು ಇಲ್ಲಿಗೂ ಎಳೆಯುವುದು ಸಲ್ಲದು. ಸಿದ್ಧವಾದ ಮದ್ದು ಒಂದೇ ದ್ರವ್ಯ. ಕಾಳು ಸಮವಾಗಿದ್ದರೆ ಅಳತೆಯ ಪಾತ್ರೆಯೇ ಸಾಕು. ಕಪ್ಪು ಮದ್ದನ್ನು ಬಳಸುವವರು ಇಂದಿಗೂ ಬಹುಮಟ್ಟಿಗೆ ಅಳತೆಯ ಕೊಳವೆಯನ್ನೇ ಹಿಡಿಯುತ್ತಾರೆ.

ಆದರೆ ಆ ಕೊಳವೆಯ ಮೇಲಿನ ಗುರುತು ಗ್ರೇನ್ ಎಂಬ ತೂಕದ ಹೆಸರು. 7000 ಗ್ರೇನ್ ಕೂಡಿದರೆ ಒಂದು ಪೌಂಡು. ನಮ್ಮಲ್ಲಿ ಸೇರು ಎಂಬ ಮಾತು ಅಳತೆಗೂ ತೂಕಕ್ಕೂ ಸಂದಂತೆ ಅಲ್ಲಿಯೂ ಸಂಕರವಾಗಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಪೈರೊಡೆಕ್ಸ್ ಎಂಬ ಮದ್ದು ಕಪ್ಪು ಮದ್ದಿಗಿಂತ ಹಗುರ. ಅದನ್ನು 100ರ ಗುರುತಿನವರೆಗೆ ತುಂಬಿದರೆ ತೂಕವು ಸುಮಾರು 70 ಗ್ರೇನ್ ಮಾತ್ರ. ಹೆಸರನ್ನು ನಂಬಿ 100 ಗ್ರೇನ್ ತೂಗಿ ತುಂಬಿದವನು ವಿಧಿಯನ್ನು ಬಹಳವಾಗಿ ಮೀರಿದನು. ಓದಿನ ಪ್ರಮಾದವು ಇಲ್ಲಿ ಕೈಯನ್ನೂ ಕಣ್ಣನ್ನೂ ಕಳೆಯಬಲ್ಲದು.

ಆದುದರಿಂದ ಪ್ರಮಾಣವಾಚಕ ಶಬ್ದಕ್ಕೆ ಸಂಪಾದಕರು ಇಂದಿನ ತೂಕವನ್ನು ಬರೆದರೆ ಸಾಲದು. ಅದು ಮಾನವೋ ಉನ್ಮಾನವೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಗ್ರಂಥವು ಪ್ರಮಾಣವನ್ನು ಹೇಳದೆ ಬಿಟ್ಟೆಡೆಯಲ್ಲಿ ತಾವೂ ಸೇರಿಸದಿರುವುದು ಯುಕ್ತ.