ಆರಾಧನೆಗೆ ಹೊರಟ ಹೊಸ ರಸಿಕರಿಗೆ

ಆಷಾಢ ಹುಣ್ಣಿಮೆಯಂದು ಸಾರನಾಥದ ಧಮೇಖ ಸ್ತೂಪದ ಸುತ್ತ ಭಿಕ್ಷುಗಳು ಪಠಣ ಮಾಡುತ್ತ ಪ್ರದಕ್ಷಿಣೆ ಬರುತ್ತಾರೆ. ಬುದ್ಧ ತನ್ನ ಮೊದಲ ಐವರು ಶಿಷ್ಯರಿಗೆ ಉಪದೇಶ ಮಾಡಿದ್ದು ಇಲ್ಲೇ, ಇದೇ ಹುಣ್ಣಿಮೆಯಂದು ಎಂಬುದು ಪರಂಪರೆಯ ನಂಬಿಕೆ. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಈಚೆ, ಬನಾರಸ್ಸಿನ ಕಬೀರ ಚೌರಾದಲ್ಲಿ ಅದೇ ದಿನ ಗುರುಪೂರ್ಣಿಮೆ. ತಬಲಾ, ಸಾರಂಗಿ, ಕಥಕ್ ಮನೆತನಗಳು ತಲೆತಲಾಂತರದಿಂದ ನೆಲೆಸಿದ ಆ ಓಣಿಗಳಲ್ಲಿ ಶಿಷ್ಯರು ಗುರುವಿನ ಕಾಲಿಗೆರಗುತ್ತಾರೆ. ಎರಡೂ ಕಡೆ ಸ್ಮರಣೆಯ ಲೆಕ್ಕ ಚಂದ್ರನದು. ಕಚೇರಿ ಕೇಳಲು ಈಗಷ್ಟೇ ಹೊರಟವರು ಕೈಗೆತ್ತಿಕೊಳ್ಳಬೇಕಾದ ಮೊದಲ ಪುಸ್ತಕವೂ ಹಾಗಾಗಿ ರಾಗಲಕ್ಷಣದ್ದಲ್ಲ, ಪಂಚಾಂಗ.

ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿಯಂದು. ಪುರಂದರದಾಸರ ಪುಣ್ಯದಿನ ಅದೇ ಪಕ್ಷದ ಅಮಾವಾಸ್ಯೆ. ನಡುವೆ ಹತ್ತು ದಿನ. ಬೆಂಗಳೂರು, ಮೈಸೂರಿನ ಸಭೆಗಳು ಇಬ್ಬರ ಆರಾಧನೆಯನ್ನೂ ಒಂದೇ ಚಪ್ಪರದಡಿ ಮಾಡಿ ಮುಗಿಸುವುದು ಇದರಿಂದಲೇ. ಸಂಕ್ರಾಂತಿಯ ಆಸುಪಾಸಿನಿಂದ ರಥಸಪ್ತಮಿಯ ಹೊತ್ತಿನವರೆಗೆ ಬಡಾವಣೆಗೊಂದು ಆರಾಧನೆ ಸಿಗುತ್ತದೆ. ಟಿಕೆಟ್ ಬೇಕಿಲ್ಲ, ಎಷ್ಟೋ ಕಡೆ ಪ್ರಸಾದವೂ ಉಂಟು. ಪಾಪ, ಮುತ್ತುಸ್ವಾಮಿ ದೀಕ್ಷಿತರಿಗೆ ಈ ಭಾಗ್ಯವಿಲ್ಲ. ಅವರು ಎಟ್ಟಯಪುರದಲ್ಲಿ ದೇಹ ಬಿಟ್ಟದ್ದು 1835ರ ನರಕ ಚತುರ್ದಶಿಯಂದು. ಊರೆಲ್ಲ ಎಣ್ಣೆಸ್ನಾನ, ಪಟಾಕಿ, ಬಂದು ಹೋಗುವ ನೆಂಟರಲ್ಲಿ ಮುಳುಗಿರುವಾಗ ವಿಳಂಬದ ಕೃತಿ ಕೇಳಲು ಯಾರು ಬರುತ್ತಾರೆ? ತಿರುವೈಯಾರಿನ ತ್ಯಾಗರಾಜರ ಆರಾಧನೆಯ ಹಾಗೆ ಜನಸಾಗರ ಸೇರುವ ದೀಕ್ಷಿತರ ಆರಾಧನೆ ಬೆಳೆಯದ್ದಕ್ಕೆ ಅವರ ಸಂಗೀತದ ಗಹನತೆ ಕಾರಣ ಎನ್ನುವವರಿದ್ದಾರೆ. ಹಬ್ಬದ ಅಡುಗೆಮನೆಯ ಪಾಲೂ ಸಾಕಷ್ಟಿದೆ ಎಂಬುದು ನನ್ನ ಅನುಮಾನ.

ಇದು ವರ್ಷಕ್ಕೊಮ್ಮೆ ಬರುವ ತಿಥಿಯ ಲೆಕ್ಕ. ನೂರು, ಇನ್ನೂರೈವತ್ತು ಎಂಬ ತುಂಬಿದ ಅಂಕಿಯದು ಇನ್ನೊಂದು ಲೆಕ್ಕ. ಪಶ್ಚಿಮದ ಸಂಗೀತ ಸಂಸ್ಥೆಗಳು ಹುಟ್ಟಿದ ವರ್ಷವನ್ನು ಹಿಡಿದು ದೊಡ್ಡ ಯೋಜನೆ ಹಾಕುತ್ತವೆ. 2020ರಲ್ಲಿ ಬೀಥೋವನ್ನನ 250ನೇ ವರ್ಷಕ್ಕೆಂದು ಸಜ್ಜಾಗಿದ್ದ ಎಷ್ಟೋ ಕಾರ್ಯಕ್ರಮಗಳು ಕೋವಿಡ್‌ನಿಂದಾಗಿ ರದ್ದಾದವು. ನಮ್ಮಲ್ಲೂ ಈ ರೂಢಿ ಬಂದು ಬಹಳ ಕಾಲವಾಯಿತು. ದೀಕ್ಷಿತರು ಹುಟ್ಟಿದ್ದು 1775ರ ಮಾರ್ಚ್ 24ರಂದು, ತಿರುವಾರೂರಿನಲ್ಲಿ. 2025ಕ್ಕೆ ಇನ್ನೂರೈವತ್ತು ತುಂಬಿತು. ಕೇಳುಗರಾಗಿ ಈ ಎರಡು ಲೆಕ್ಕವನ್ನು ಬೇರೆ ಬೇರೆ ಇಟ್ಟುಕೊಳ್ಳಿ. ವರ್ಷದ ಆರಾಧನೆ ನಡೆಯುವುದೇ ಮತ್ತೆ ಮತ್ತೆ ಹಾಡಲಿಕ್ಕೆ. ಅಲ್ಲಿ ಹೊಸತಿಲ್ಲ ಎಂದು ಗೊಣಗುವುದು ಸಲ್ಲ. ತುಂಬಿದ ವರ್ಷದ ಉತ್ಸವಕ್ಕೆ ಬೇರೆ ಹೊಣೆಯಿದೆ: ಮೂಲೆಗೆ ಬಿದ್ದ ಕೃತಿಗಳನ್ನು ಹೊರಗೆ ತರುವುದು. ಆ ವರ್ಷವೂ ಎಲ್ಲ ಕಚೇರಿಗಳಲ್ಲಿ ‘ವಾತಾಪಿ ಗಣಪತಿಂ’ ಒಂದೇ ಮೊಳಗಿದರೆ ಸಂಘಟಕರು ಬ್ಯಾನರ್ ಬರೆಸುವುದಕ್ಕಷ್ಟೇ ದುಡಿದಿದ್ದಾರೆ ಎಂದು ತಿಳಿಯಿರಿ.

ಮೊದಲು ಆರಾಧನೆಯ ಮಾತು. ಬೆಳಿಗ್ಗೆ ಬೇಗ ಹೋಗಿ. ಹಲವೆಡೆ ಉಂಛವೃತ್ತಿಯಿಂದ ದಿನ ಶುರುವಾಗುತ್ತದೆ: ವಿದ್ವಾಂಸರು ತಂಬೂರಿ ಹಿಡಿದು, ತಾಳ ತಟ್ಟುತ್ತ, ಹಾಡುತ್ತ ಬೀದಿಯಲ್ಲಿ ಬರುತ್ತಾರೆ; ಬಾಗಿಲಲ್ಲಿ ನಿಂತವರು ಪಾತ್ರೆಗೆ ಅಕ್ಕಿ ಹಾಕುತ್ತಾರೆ. ಸಂಜೆ ವೇದಿಕೆಯ ಮೇಲೆ ಜರಿಯ ಪಂಚೆಯಲ್ಲಿ ಕಾಣುವವರನ್ನು ಬೆಳಿಗ್ಗೆ ಮೈಕಿಲ್ಲದೆ, ಬರಿಗಾಲಲ್ಲಿ ನೋಡುವ ಅವಕಾಶವದು. ಆಮೇಲೆ ಪಂಚರತ್ನ ಕೃತಿಗಳ ಗೋಷ್ಠಿ ಗಾಯನ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಇದೇ ಕ್ರಮ, ಐದೂ ಆದಿತಾಳ. ಹೊಸಬರಿಗೆ ಇಷ್ಟು ಅನುಕೂಲವಾದ ಪಾಠಶಾಲೆ ಇನ್ನೊಂದಿಲ್ಲ. ಯಾಕೆಂದರೆ ಚರಣಗಳಲ್ಲಿ ಮೊದಲು ಸ್ವರ ಹಾಡಿ, ಅದೇ ಧಾಟಿಗೆ ಆಮೇಲೆ ಸಾಹಿತ್ಯ ಹಾಡುತ್ತಾರೆ. ಸರಿಗಮ ಬರದವರಿಗೂ ಸ್ವರದ ಮೇಲೆ ಮಾತು ಹೇಗೆ ಕೂರುತ್ತದೆಂಬುದು ಕಿವಿಗೆ ಬೀಳುತ್ತದೆ. ಆರಭಿಯದರಿಂದ ಶುರುಮಾಡಿ. ಪ್ರತಿ ಚರಣದ ಕೊನೆಗೂ ‘ಸಮಯಾನಿಕಿ ತಗು ಮಾಟಲಾಡೆನೆ’ ಎಂಬ ಸಾಲಿಗೆ ಮರಳುವುದರಿಂದ ದಾರಿ ತಪ್ಪುವುದಿಲ್ಲ.

ಈ ಗೋಷ್ಠಿ ಗಾಯನ ತ್ಯಾಗರಾಜರ ಕಾಲದಿಂದ ನಡೆದುಬಂದದ್ದು ಎಂದು ಭಾವಿಸಬೇಡಿ. ತಿರುವೈಯಾರಿನಲ್ಲಿ ಅದು ಈಗಿನ ರೂಪಕ್ಕೆ ನಿಂತದ್ದು 1940ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು ಅಲ್ಲಿ ಪಂಗಡಗಳಿದ್ದವು, ಜಗಳಗಳಿದ್ದವು, ಹೆಂಗಸರು ಹಾಡಕೂಡದೆಂಬ ಕಟ್ಟಳೆಯಿತ್ತು. ಕನ್ನಡಿಗರು ಇಲ್ಲಿ ಒಂದು ಹೆಸರನ್ನು ನೆನೆಯಲೇಬೇಕು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರನ್ನು ಹೆಸರಿನ ಮುಂದಿಟ್ಟುಕೊಂಡು ಮದರಾಸಿನಲ್ಲಿ ಬಾಳಿದ ನಾಗರತ್ನಮ್ಮನವರು ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. 1926ರ ಜನವರಿಯಲ್ಲಿ ಅದರ ಪ್ರತಿಷ್ಠೆಯಾಯಿತು. ತಾನು ಕಟ್ಟಿಸಿದ ಗುಡಿಯೆದುರು ತನಗೇ ಹಾಡಲು ಬಿಡದವರಿಗೆ ಉತ್ತರವಾಗಿ ಹೆಂಗಸರದೇ ಆರಾಧನೆ ನಡೆಸಿದರು. ಇಂದು ಪಂಚರತ್ನದಲ್ಲಿ ಹೆಣ್ಣುಗಂಡಿನ ದನಿ ಒಟ್ಟಿಗೆ ಏಳುವಾಗ ಆಕೆಯ ಹಟವನ್ನೂ ಕೇಳಿಸಿಕೊಳ್ಳಿ. ಅವರ ಸಮಾಧಿ ತ್ಯಾಗರಾಜರ ಸಮಾಧಿಗೆ ಎದುರಾಗಿಯೇ ಇದೆ.

ಪುರಂದರದಾಸರ ಆರಾಧನೆಯ ರುಚಿಯೇ ಬೇರೆ. ಅಲ್ಲೂ ಪಂಚರತ್ನದ ಮಾದರಿಯಲ್ಲಿ ನವರತ್ನ ಮಾಲಿಕೆಯನ್ನು ಗೋಷ್ಠಿಯಾಗಿ ಹಾಡುವುದುಂಟು. ಆದರೆ ದಾಸರ ಪದಗಳ ಮೂಲ ಮಟ್ಟುಗಳು ನಮಗೆ ಉಳಿದಿಲ್ಲ. ಈಗ ಕೇಳುವವು ನಂತರದವರು ಕೂಡಿಸಿದವು. ಕೊರತೆ ಅನ್ನಿಸಬಹುದು, ಕೇಳುಗನಿಗೆ ಮಾತ್ರ ಇದರಿಂದ ಲಾಭವೇ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಕರ್ನಾಟಕ ಪದ್ಧತಿಯವರು ಸಾಮಾನ್ಯವಾಗಿ ಹಾಡುವ ಮಧ್ಯಮಾವತಿಯಲ್ಲಿ ಒಮ್ಮೆ ಕೇಳಿ, ಆಮೇಲೆ ಭೀಮಸೇನ ಜೋಶಿಯವರ ಧ್ವನಿಮುದ್ರಿಕೆ ಹಾಕಿ. ಪದ ಒಂದೇ. ಒಂದರಲ್ಲಿ ಲಕ್ಷ್ಮಿ ಹೊಸ್ತಿಲು ದಾಟಿ ಬಂದಾಗಿರುತ್ತಾಳೆ, ಇನ್ನೊಂದರಲ್ಲಿ ಇನ್ನೂ ಬೀದಿಯಲ್ಲಿ ಗೆಜ್ಜೆ ಕೇಳಿಸುತ್ತಿರುತ್ತದೆ. ಯಾವುದು ಯಾವುದರಲ್ಲಿ ಎಂಬುದನ್ನು ನಿಮ್ಮ ಕಿವಿಗೇ ಬಿಡುತ್ತೇನೆ.

ಈಗ ತುಂಬಿದ ವರ್ಷದ ಮಾತು. ಸಂಘಟಕರ ಬಾಯಿಯಲ್ಲಿ ‘ಸಮುದಾಯ ಕೃತಿ’ ಎಂಬ ಪದ ಓಡಾಡುತ್ತಿರುತ್ತದೆ. ಒಂದೇ ದೇವತೆಯನ್ನೋ ಒಂದೇ ವಿಷಯವನ್ನೋ ಹಿಡಿದು ರಚಿಸಿದ ಕೃತಿಗಳ ಗುಚ್ಛಕ್ಕೆ ಆ ಹೆಸರು. ದೀಕ್ಷಿತರು ಇದರಲ್ಲಿ ಉದಾರಿ: ಕಮಲಾಂಬೆಯ ನವಾವರಣ, ನವಗ್ರಹ, ಪಂಚಭೂತ ಲಿಂಗ, ಹೀಗೆ ಗುಚ್ಛದ ಮೇಲೆ ಗುಚ್ಛ. ಒಂಬತ್ತು ದಿನದ ಉತ್ಸವಕ್ಕೆ ಒಂಬತ್ತು ಆವರಣ, ಐದು ದಿನಕ್ಕೆ ಐದು ಲಿಂಗ ಎಂದು ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಸಂಘಟಕರಿಗೆ ಸುಲಭವಾದದ್ದು ಕೇಳುಗರಿಗೆ ಒಳ್ಳೆಯದೇ ಎಂದಿಲ್ಲ. ಐದು ಭಾರದ ಕೃತಿಗಳನ್ನು ಒಂದೇ ಸಂಜೆಗೆ ತುರುಕಿದರೆ ಆಲಾಪನೆಗೆ ಜಾಗವಿರುವುದಿಲ್ಲ, ನೆರವಲ್ ಎರಡು ಸುತ್ತಿಗೆ ಮುಗಿಯುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದ ಹಾಗಾಗುತ್ತದೆ. ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಗಂಟೆಗೆಷ್ಟು ಕೃತಿ ಎಂದು ಎಣಿಸಿ ನೋಡಿ. ಎರಡು ಗಂಟೆಯಲ್ಲಿ ಒಂದೇ ಲಿಂಗವನ್ನು ಪೂರ್ತಿಯಾಗಿ ಹಾಡುವ ಕಚೇರಿ ಇದ್ದರೆ ನಾನು ಅಲ್ಲಿಗೆ ಹೋಗುತ್ತೇನೆ.

ಆ ಐದರಲ್ಲಿ ನೀರಿನ ಲಿಂಗದ ಕೃತಿ ‘ಜಂಬೂಪತೇ’. ಅದರ ರಾಗ ಯಮುನಾ ಕಲ್ಯಾಣಿ, ಉತ್ತರದ ಯಮನ್‌ನ ಹತ್ತಿರದ ನೆಂಟ. ದೀಕ್ಷಿತರಿಗೆ ಇದು ಸಿಕ್ಕಿದ್ದು ಎಲ್ಲಿ ಎಂದು ಕೇಳಿದರೆ ಮತ್ತೆ ಕಾಶಿಗೆ ಬರಬೇಕು. ಮದರಾಸಿನ ಬಳಿಯ ಮಣಲಿಯಲ್ಲಿ ತಂದೆಯ ಜೊತೆಗಿದ್ದ ಹುಡುಗನನ್ನು ಚಿದಂಬರನಾಥ ಯೋಗಿಗಳು ಕಾಶಿಗೆ ಕರೆದೊಯ್ದರು. ಕೆಲವು ವರ್ಷ ಅಲ್ಲಿದ್ದು ಮಂತ್ರಶಾಸ್ತ್ರ, ವೇದಾಂತ ಕಲಿತರು. ಗಂಗೆಯಲ್ಲಿ ಇಳಿದಾಗ ವೀಣೆಯೊಂದು ಕೈಗೆ ಸಿಕ್ಕಿತೆಂಬುದು ಐತಿಹ್ಯ. ಐತಿಹ್ಯ ಹಾಗಿರಲಿ, ನದಿ ದಂಡೆಯಲ್ಲಿ ಕಿವಿಗೆ ಬಿದ್ದದ್ದರ ಗುರುತು ಕೃತಿಗಳಲ್ಲೇ ಇದೆ: ಹಮೀರ್ ಕಲ್ಯಾಣಿಯ ‘ಪರಿಮಳ ರಂಗನಾಥಂ’, ದ್ವಿಜಾವಂತಿಯ ‘ಚೇತಃ ಶ್ರೀ ಬಾಲಕೃಷ್ಣಂ’, ಬೃಂದಾವನಿಯ ‘ಸೌಂದರರಾಜಂ’. ಅವರ ವಿಳಂಬದ ನಡಿಗೆಗೆ ಧ್ರುಪದದ ಪ್ರಭಾವವಿದೆ ಎಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಪುಸ್ತಕದಲ್ಲಿ ಓದಿ ನಂಬುವುದಕ್ಕಿಂತ ಶಿವರಾತ್ರಿಯ ಹೊತ್ತಿಗೆ ತುಳಸಿ ಘಾಟಿನ ಧ್ರುಪದ ಮೇಳಕ್ಕೆ ಹೋಗಿ ಒಂದು ರಾತ್ರಿ ಕೂತು ಬನ್ನಿ. 1975ರಿಂದ ನಡೆಯುತ್ತಿರುವ ಮೇಳವದು. ಮೂರು ಸ್ವರದಲ್ಲೇ ಗಾಯಕ ಅರ್ಧ ಗಂಟೆ ನಿಂತು, ಪಖಾವಾಜ್ ತೆಪ್ಪಗೆ ಕಾದಿರುವುದನ್ನು ನೋಡಿದ ಮೇಲೆ ‘ಜಂಬೂಪತೇ’ ಕೇಳಿ. ಇದೇಕೆ ಇಷ್ಟು ನಿಧಾನ ಎಂಬ ಪ್ರಶ್ನೆ ಏಳುವುದಿಲ್ಲ. ಕೃತಿಯ ಕೊನೆಗೆ ಮಾತುಗಳು ಇದ್ದಕ್ಕಿದ್ದಂತೆ ಇಮ್ಮಡಿ ವೇಗದಲ್ಲಿ ಒತ್ತೊತ್ತಾಗಿ ಬರುತ್ತವೆ. ಅದು ಮಧ್ಯಮಕಾಲ ಸಾಹಿತ್ಯ. ಅದುವರೆಗಿನ ನಿಧಾನ ಬೇಕಿದ್ದುದೇ ಆ ತಿರುವಿಗೆ.

ಬನಾರಸ್ಸಿನ ಉತ್ಸವಗಳಲ್ಲಿ ಕನ್ನಡದ ಕೇಳುಗ ತುಸು ಕಕ್ಕಾಬಿಕ್ಕಿಯಾಗುವುದು ಸಹಜ. ಇಲ್ಲಿಯ ದೊಡ್ಡ ಉತ್ಸವ ಸಂಕಟಮೋಚನ ಸಂಗೀತ ಸಮಾರೋಹ; 1923ರಲ್ಲಿ ಶುರುವಾದದ್ದು, ಹನುಮ ಜಯಂತಿಯ ನೆಪದಲ್ಲಿ ನಡೆಯುವಂಥದ್ದು. ಗುಡಿಯ ಅಂಗಳದಲ್ಲಿ ರಾತ್ರಿಯಿಡೀ ಕಚೇರಿ. ಮುಖ್ಯ ಶ್ರೋತೃ ಹನುಮಂತ, ಉಳಿದವರು ಅವನ ಹಿಂದೆ ಮುಂದೆ ಚಾಪೆಯ ಮೇಲೆ. ವಾಗ್ಗೇಯಕಾರರ ಹೆಸರಿನ ದಿನ ಎಂಬುದು ಇಲ್ಲಿ ಕಾಣುವುದು ಕಡಿಮೆ. ಹಿಂದೂಸ್ತಾನಿಯವರು ಪುಣ್ಯತಿಥಿ ಮಾಡುವುದು ಹೆಚ್ಚಾಗಿ ಗುರುವಿಗೆ, ಹಾಡುಗಾರನಿಗೆ. ಕುಂದಗೋಳದ ಸವಾಯಿ ಗಂಧರ್ವರ ಹೆಸರಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಅಂಥದ್ದು. ಗ್ವಾಲಿಯರಿನ ತಾನ್‌ಸೇನ್ ಸಮಾರೋಹ ವಾಗ್ಗೇಯಕಾರನ ದಿನ, ಹಾಡುಗಾರನ ದಿನ ಎರಡರ ನಡುವಿನದು. ಆದರೆ ರಚನಕಾರ ಇಲ್ಲೂ ಇಲ್ಲದಿಲ್ಲ, ಬಂದಿಶ್‌ನ ಒಳಗೆ ಅಡಗಿ ಕೂತಿದ್ದಾನೆ. ಅಂತರಾದ ಕಡೆಗೆ ‘ಸದಾರಂಗ’ ಎಂಬ ಹೆಸರು ಕೇಳಿದರೆ ಅದು ಹದಿನೆಂಟನೇ ಶತಮಾನದಲ್ಲಿ ದಿಲ್ಲಿಯ ಮುಹಮ್ಮದ್ ಷಾಹನ ದರ್ಬಾರಿನಲ್ಲಿದ್ದ ನಿಯಾಮತ್ ಖಾನ್‌ನ ಮುದ್ರೆ. ದಾಸರ ಅಂಕಿತ ಹಿಡಿದು ಕೇಳಿ ಬೆಳೆದ ನಮಗೆ ಈ ಹುಡುಕಾಟ ಕಷ್ಟವಲ್ಲ. ‘ಗುರುಗುಹ’ ಬಂದರೆ ದೀಕ್ಷಿತರು, ‘ಹರಿಕೇಶ’ ಬಂದರೆ ಮುತ್ತಯ್ಯ ಭಾಗವತರು, ‘ವಾಸುದೇವ’ ಬಂದರೆ ಮೈಸೂರು ವಾಸುದೇವಾಚಾರ್ಯರು.

ವಾಸುದೇವಾಚಾರ್ಯರ ಹೆಸರು ಬಂತು, ಒಂದು ದೂರು ಹೇಳಿಬಿಡುತ್ತೇನೆ. ವರ್ಷವಿಡೀ ಹಾಡುವ ಖಮಾಚಿನ ‘ಬ್ರೋಚೇವಾರೆವರುರಾ’ವನ್ನೇ ಅವರ ಸ್ಮರಣೆಯ ದಿನವೂ ಹಾಡಿ ಕೈತೊಳೆದುಕೊಳ್ಳುವುದು ಸೋಮಾರಿತನ. ಜಯಚಾಮರಾಜ ಒಡೆಯರ ಶತಮಾನೋತ್ಸವ 2019ರಲ್ಲಿ ಬಂದಾಗ ಒಂದು ಒಳ್ಳೆಯದಾಯಿತು: ‘ಶ್ರೀವಿದ್ಯಾ’ ಮುದ್ರೆಯ ಅವರ ತೊಂಬತ್ತನಾಲ್ಕು ಕೃತಿಗಳಲ್ಲಿ ಅಠಾಣದ ‘ಶ್ರೀ ಮಹಾಗಣಪತಿಂ’ ಬಿಟ್ಟು ಬೇರೆಯವೂ ಇವೆ ಎಂದು ಅನೇಕರಿಗೆ ಗೊತ್ತಾಯಿತು. ರಷ್ಯದ ಮೆಡ್ಟ್ನರ್ ಎಂಬ ರಚನಕಾರ ಲಂಡನ್ನಿನಲ್ಲಿ ಮರೆವಿಗೆ ಸಲ್ಲುತ್ತಿದ್ದಾಗ ಅವನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಈ ಒಡೆಯರೇ. ತುಂಬಿದ ವರ್ಷಕ್ಕೆ ಕಾಯದೆ, ರಚನಕಾರ ಬದುಕಿದ್ದಾಗಲೇ ಮಾಡಿದ ಕೆಲಸ ಅದು.

ಮುಂದೆ ಬರುವ ದೊಡ್ಡ ವರ್ಷ 2027. ಶ್ಯಾಮಾಶಾಸ್ತ್ರಿಗಳು 1827ರ ಮಾಘ ಶುಕ್ಲ ದಶಮಿಯಂದು ತೀರಿಕೊಂಡು ಇನ್ನೂರು ವರ್ಷ ತುಂಬುತ್ತದೆ. ತ್ಯಾಗರಾಜರು, ದೀಕ್ಷಿತರು ಸೇರಿದ ಮೂವರಲ್ಲಿ ಅತಿ ಕಡಿಮೆ ರಚನೆಗಳನ್ನು ಬಿಟ್ಟುಹೋದವರು ಅವರು, ಆದ್ದರಿಂದ ಹೊಸಬರು ಪೂರ್ತಿ ಕೇಳಿ ಮುಗಿಸಬಹುದಾದವರೂ ಅವರೇ. ಈಗಲೇ ತಯಾರಿ ಶುರುಮಾಡುವುದಾದರೆ ಮೂರು ಸ್ವರಜತಿಗಳಲ್ಲಿ ಭೈರವಿಯದನ್ನು ಮೊದಲು ಹಿಡಿಯಿರಿ. ಅದರ ಚರಣಗಳು ಒಂದೊಂದಾಗಿ ಷಡ್ಜ, ರಿಷಭ, ಗಾಂಧಾರ ಎಂದು ಒಂದೊಂದು ಮೆಟ್ಟಿಲು ಮೇಲಿನಿಂದ ಆರಂಭವಾಗುತ್ತವೆ. ಬೆರಳು ಮಡಿಚಿ ಎಣಿಸುತ್ತ ಕೇಳಿ. ಎಂಟನೆಯದು ತಾರಸ್ಥಾಯಿಯ ಷಡ್ಜದಿಂದ ಎದ್ದುಕೊಳ್ಳುತ್ತದೆ. ನಡುವೆ ಲೆಕ್ಕ ತಪ್ಪಿದರೆ ಪಿಟೀಲಿನವರ ಎಡಗೈ ನೋಡಿ, ಅದು ಹೇಳಿಕೊಡುತ್ತದೆ.