ಹಾಜರಿ ಪುಸ್ತಕ ಕಾಣದ ದುಡಿಮೆ

ಎಕ್ಕಂಬಿ ಸೀಮೆಯಲ್ಲಿ ಮಕ್ಕಳ ದುಡಿಮೆ ನಡೆಯುವುದು ಹೊಲ, ತೋಟ, ಕೊಟ್ಟಿಗೆ ಮತ್ತು ಮನೆಯೊಳಗೆ. ಶಿರಸಿ–ಹುಬ್ಬಳ್ಳಿ ರಸ್ತೆಯ ಈ ಊರು ಉತ್ತರ ಕನ್ನಡದ ಶಿರಸಿ ತಾಲೂಕಿನ ಮೂಡಣ ಅಂಚಿನಲ್ಲಿದೆ. ಒಂದು ಬದಿಗೆ ಮುಂಡಗೋಡ, ಇನ್ನೊಂದು ಬದಿಗೆ ಹಾವೇರಿ ಜಿಲ್ಲೆಯ ಹಾನಗಲ್ಲ. ಪಡುವಣಕ್ಕೆ ಹೋದಷ್ಟೂ ಅಡಿಕೆ ತೋಟ, ಮೂಡಣಕ್ಕೆ ಬಂದಷ್ಟೂ ಭತ್ತ, ಗೋವಿನಜೋಳ, ಶುಂಠಿ. ಬನವಾಸಿ ಕಡೆಗೆ ಅನಾನಸು. ಹಾಗಾಗಿ ವರ್ಷದ ಹೆಚ್ಚಿನ ತಿಂಗಳು ಎಲ್ಲಾದರೊಂದು ಕಡೆ ಕೂಲಿ ಸಿಗುತ್ತದೆ. ಬಡ ಮನೆಗಳಲ್ಲಿ ದೊಡ್ಡವರ ಬೆನ್ನಿಗೆ ಮಕ್ಕಳೂ ಹೊರಡುತ್ತಾರೆ. ಬಾಲಕಾರ್ಮಿಕ ಪದ್ಧತಿಯನ್ನು ಶಿಕ್ಷಣದಿಂದಲೂ ಕುಟುಂಬಕ್ಕೆ ಕೊಡುವ ಆಸರೆಯಿಂದಲೂ ಕೊನೆಗಾಣಿಸುವ ಪ್ರಯತ್ನಗಳ ಬೆಲೆ ಕಟ್ಟಬೇಕಾದರೆ, ಚದುರಿದ, ಹಂಗಾಮಿಗೆ ಕಟ್ಟುಬಿದ್ದ ಈ ದುಡಿಮೆಯನ್ನು ಅವು ಎಷ್ಟರಮಟ್ಟಿಗೆ ಮುಟ್ಟಿವೆ ಎಂಬುದನ್ನೇ ಮೊದಲು ನೋಡಬೇಕು.

ಅಡಿಕೆ ಕೊಯ್ಲಿನ ದಿನಗಳ ಸಂಜೆಯನ್ನೇ ತೆಗೆದುಕೊಳ್ಳಬಹುದು. ಹಗಲಿನಲ್ಲಿ ಇಳಿಸಿದ ಹಸಿ ಕೊನೆಗಳು ಕತ್ತಲಾಗುವ ಹೊತ್ತಿಗೆ ಅಂಗಳಕ್ಕೆ ಬಂದು ಬೀಳುತ್ತವೆ. ಕೆಂಪಡಿಕೆ ಮಾಡುವವರು ಹಸಿಯಿರುವಾಗಲೇ ಸುಲಿಸಿ ಬೇಯಿಸಬೇಕು. ನಾಳೆಗೆ, ನಾಡಿದ್ದಿಗೆ ಎಂದು ಮುಂದೂಡುವಂತಿಲ್ಲ. ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಕೂಲಿ ಡಬ್ಬಿ ಲೆಕ್ಕದಲ್ಲಿ. ಅಳತೆಗೆ ಕೂಲಿ ಕೊಡುವಲ್ಲಿ ಹನ್ನೊಂದು ವರ್ಷದ ಹುಡುಗಿ ಸುಲಿದದ್ದೂ ತಾಯಿಯ ಡಬ್ಬಿಗೇ ಬೀಳುತ್ತದೆ. ಹುಡುಗಿಯ ಹೆಸರು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಮರುದಿನ ಅವಳು ಶಾಲೆಗೂ ಬರುತ್ತಾಳೆ. ಬೆರಳಿಗೆ ಅಡಿಕೆಯ ಕರೆ ಹತ್ತಿರುತ್ತದೆ, ಎರಡನೆಯ ಪೀರಿಯಡ್ಡಿಗೆ ತೂಕಡಿಕೆ ಶುರುವಾಗುತ್ತದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಹಾಜರು. ಸುಲಿಯುವ ಯಂತ್ರಗಳು ಬಂದಮೇಲೆ ಇಂಥ ರಾತ್ರಿ ದುಡಿಮೆ ಕಡಿಮೆಯಾಗುತ್ತಿದೆ. ಈ ಇಳಿಕೆಯಲ್ಲಿ ಕಾನೂನಿಗಿಂತ ಯಂತ್ರದ ಪಾಲೇ ದೊಡ್ಡದು ಎಂದು ಒಪ್ಪಿಕೊಳ್ಳಬೇಕು.

ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಾಡಂಚಿನಲ್ಲಿ ಗೌಳಿಗರ ದಡ್ಡಿಗಳೆಂಬ ನೆಲೆಗಳಲ್ಲಿ ಎಮ್ಮೆ ಕಾಯುವುದು ಮಕ್ಕಳ ಪಾಲಿನ ಕೆಲಸ. ಸಿದ್ದಿ ಕುಟುಂಬಗಳ ಹೆಣ್ಣುಮಕ್ಕಳು ಊರು ಬಿಟ್ಟು ಪರರ ಮನೆಗೆಲಸಕ್ಕೆ ಹೋದ ಉದಾಹರಣೆಗಳೂ ಇವೆ. ಗಡಿ ದಾಟಿ ಹಾವೇರಿ ಜಿಲ್ಲೆಗೆ ಇಳಿದರೆ ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲಗಳು ಸಿಗುತ್ತವೆ. ಹೈಬ್ರಿಡ್ ಬೀಜಕ್ಕಾಗಿ ಪ್ರತಿ ಮೊಗ್ಗನ್ನೂ ಬಿಡಿಸಿ, ಗಂಡು ಕೇಸರ ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಿಂದ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಸಣ್ಣ ಬೆರಳು ಬೇಕೆಂಬ ನೆಪದಲ್ಲಿ ಹುಡುಗಿಯರನ್ನು ಹಚ್ಚಿದ್ದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಬಗ್ಗಿ ನಿಂತು, ಔಷಧಿ ಹೊಡೆದ ಗಿಡಗಳ ನಡುವೆ ಮಾಡುವ ಕೆಲಸವಿದು.

ಸರ್ಕಾರದ ಅಂಕಿಗಳು ಇವರನ್ನು ಎಷ್ಟು ಹಿಡಿದಿವೆ? 2001ರ ಜನಗಣತಿಯಂತೆ ಕರ್ನಾಟಕದಲ್ಲಿ 5ರಿಂದ 14 ವರ್ಷದ 8.22 ಲಕ್ಷ ದುಡಿಯುವ ಮಕ್ಕಳಿದ್ದರು. 2011ಕ್ಕೆ ಅದು 2.49 ಲಕ್ಷಕ್ಕೆ ಇಳಿಯಿತು ಎನ್ನಲಾಗುತ್ತದೆ. ಮೊದಲ ಸಂಖ್ಯೆಯಲ್ಲಿ ವರ್ಷದ ಕೆಲವೇ ತಿಂಗಳು ದುಡಿದ ಮಕ್ಕಳೂ ಸೇರಿದ್ದಾರೆ, ಎರಡನೆಯದರಲ್ಲಿ ಅವರು ಇಲ್ಲ. ದೇಶದ ಮಟ್ಟದಲ್ಲೂ ಇದೇ ತಪ್ಪು ಹೋಲಿಕೆ ನಡೆಯಿತು: 1.26 ಕೋಟಿಯಿಂದ 43.5 ಲಕ್ಷಕ್ಕೆ ಇಳಿಕೆ ಎಂದು ಹೇಳಲಾಯಿತು, ಅಲ್ಪಾವಧಿ ದುಡಿಮೆಯನ್ನೂ ಸೇರಿಸಿದರೆ 2011ರ ಸಂಖ್ಯೆ ಒಂದು ಕೋಟಿ ದಾಟುತ್ತದೆ. ಇಳಿಕೆ ಆಗಿರುವುದು ನಿಜ, ಆದರೆ ಹೇಳಿಕೊಂಡಷ್ಟಲ್ಲ. ಬಿಟ್ಟುಹೋದವರು ಬಹುಪಾಲು ಎಕ್ಕಂಬಿ ಸೀಮೆಯಂಥ ಕಡೆಗಳ ಹಂಗಾಮಿ ಮಕ್ಕಳೇ. ಜಗತ್ತಿನ ಚಿತ್ರವೂ ಇದಕ್ಕೆ ಹತ್ತಿರವಿದೆ: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ 2024ಕ್ಕೆ ಅಂದಾಜಿಸಿದ 13.8 ಕೋಟಿ ಬಾಲಕಾರ್ಮಿಕರಲ್ಲಿ ಶೇ 61ರಷ್ಟು ಮಂದಿ ಕೃಷಿಯಲ್ಲಿದ್ದಾರೆ.

1986ರ ಬಾಲಕಾರ್ಮಿಕ ಕಾಯ್ದೆ ಕೆಲವು ಉದ್ಯೋಗಗಳನ್ನಷ್ಟೇ ನಿಷೇಧಿಸಿತ್ತು. ಮನೆಗೆಲಸ, ಹೋಟೆಲು, ಢಾಬಾಗಳು ಆ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್‌ನಲ್ಲಿ. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿ, ದುಡಿಸಿಕೊಳ್ಳುವವರಿಗೆ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ ಎಂದಿತು. ಜೊತೆಗೆ ಒಂದು ಕಿಂಡಿಯನ್ನೂ ತೆರೆಯಿತು: ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ ಮಗು ಕುಟುಂಬದ ಕೆಲಸಕ್ಕೆ ನೆರವಾಗಬಹುದು. ಮಗು ಮನೆಯ ಕಸುಬು ಕಲಿಯುವುದನ್ನು ಅಪರಾಧವೆನ್ನಲಾಗದು, ಆ ಮಟ್ಟಿಗೆ ಈ ವಿನಾಯಿತಿಯಲ್ಲಿ ಅರ್ಥವಿದೆ. ಆದರೆ ಅಳತೆಗೆ ಕೂಲಿ ಕೊಡುವ ಕೆಲಸದಲ್ಲಿ ತಾಯಿಯ ಜೊತೆ ಕುಳಿತ ಮಗು ಕುಟುಂಬಕ್ಕೆ ನೆರವಾಗುತ್ತಿದೆಯೇ, ಬೇರೊಬ್ಬರ ಬೆಳೆಗೆ ದುಡಿಯುತ್ತಿದೆಯೇ ಎಂದು ಕೇಳುವ ಇನ್‌ಸ್ಪೆಕ್ಟರು ರಾತ್ರಿ ಎಂಟಕ್ಕೆ ಅಂಗಳಕ್ಕೆ ಬರುವುದಿಲ್ಲ. ದಾಳಿ ನಡೆಯುವುದು ಪೇಟೆಯ ಗ್ಯಾರೇಜು, ಬೇಕರಿ, ಹೋಟೆಲುಗಳ ಮೇಲೆ. ಅಲ್ಲಿ ಅದು ಫಲ ಕೊಟ್ಟಿದೆ. ಹಳ್ಳಿಯ ದುಡಿಮೆಗೆ ಬೇರೆ ದಾರಿಯೇ ಬೇಕು.

ಕನ್ನಡಿಗರ ನಡುವೆ ಆ ದಾರಿಯ ಹುಡುಕಾಟ ಹಳೆಯದು. ಕರಾವಳಿಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರಿಗಾಗಿ 20ನೇ ಶತಮಾನದ ಮೊದಲ ದಶಕಗಳಿಂದಲೇ ಅಲ್ಲಿನ ಕನ್ನಡ ಸಂಘಸಂಸ್ಥೆಗಳು ಉಚಿತ ರಾತ್ರಿಶಾಲೆ ನಡೆಸಿದವು. ಅಲ್ಲಿ ಕಲಿತು ಮೇಲೆ ಬಂದವರು ಎಷ್ಟೋ ಮಂದಿ. ಆ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆದರೂ ರಾತ್ರಿಶಾಲೆ ದುಡಿಮೆಯನ್ನು ಹಾಗೇ ಬಿಟ್ಟು, ಅದರ ಮೇಲೆ ಓದನ್ನು ಹೇರಿತು. 1988ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ ಮಗುವನ್ನು ಕೆಲಸದಿಂದ ಬಿಡಿಸಿ ವಿಶೇಷ ತರಬೇತಿ ಕೇಂದ್ರದಲ್ಲಿ ಕಲಿಸಿ ಶಾಲೆಗೆ ಸೇರಿಸುವ ಕ್ರಮ ತಂದಿತು. ಅದರಲ್ಲಿ ಮಗುವಿಗೆ ಸಿಗುತ್ತಿದ್ದ ಮಾಸಿಕ ಸಹಾಯಧನ 2017ಕ್ಕೆ ಮುಂಚೆ 150 ರೂಪಾಯಿ, ಆಮೇಲೆ 400 ರೂಪಾಯಿ. ತಿಂಗಳ ಆ ಹಣವನ್ನು ಕ್ರಾಸಿಂಗ್ ಹೊಲದ ಕೂಲಿ ಕೆಲವೇ ದಿನಗಳಲ್ಲಿ ಮೀರಿಸುತ್ತದೆ. ಕುಟುಂಬಕ್ಕೆ ಆಸರೆ ಎಂಬ ಮಾತು ಯೋಜನೆಯಲ್ಲಿ ಇದ್ದರೂ ಅದಕ್ಕೆ ತಕ್ಕ ದುಡ್ಡು ಇರಲಿಲ್ಲ ಎಂಬುದೇ ಅದರ ಮೇಲಿನ ದೊಡ್ಡ ಆಕ್ಷೇಪ. ಈಗ ಆ ಯೋಜನೆ ಸಮಗ್ರ ಶಿಕ್ಷಣ ಅಭಿಯಾನದೊಳಗೆ ಸೇರಿಹೋಗಿದೆ.

ಸಮುದಾಯದ ಮಟ್ಟದ ಪ್ರಯತ್ನಗಳಲ್ಲಿ ಎರಡು ಮಾದರಿಗಳು ಕರ್ನಾಟಕದ ಮಟ್ಟಿಗೆ ಮುಖ್ಯ. ಒಂದು, ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ ಆಗ ಆಂಧ್ರಪ್ರದೇಶದಲ್ಲಿದ್ದ ರಂಗಾರೆಡ್ಡಿ ಜಿಲ್ಲೆಯಲ್ಲಿ ಬೆಳೆದ ಎಂ.ವಿ. ಫೌಂಡೇಶನ್. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ ಎಂಬುದು ಅದರ ನಿಲುವು. ಎಮ್ಮೆ ಕಾಯುವವಳೂ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿದವಳೂ ಆ ಲೆಕ್ಕಕ್ಕೆ ಬಂದರು. ಶಿಬಿರದಲ್ಲಿ ಕೆಲವು ತಿಂಗಳು ಇಟ್ಟುಕೊಂಡು ವಯಸ್ಸಿಗೆ ತಕ್ಕ ತರಗತಿಗೆ ಕಳಿಸುವ ಅದರ ವಿಧಾನಕ್ಕೆ ಕರ್ನಾಟಕದ ‘ಚಿಣ್ಣರ ಅಂಗಳ’, ‘ಕೂಲಿಯಿಂದ ಶಾಲೆಗೆ’ ಕಾರ್ಯಕ್ರಮಗಳು ಬಹಳ ಹತ್ತಿರ. ಇನ್ನೊಂದು, ಬೆಂಗಳೂರಿನ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಲ್ಲಿ 1990ರಲ್ಲಿ ಹುಟ್ಟಿದ ದುಡಿಯುವ ಮಕ್ಕಳ ಭೀಮ ಸಂಘ, ಮತ್ತು 1990ರ ದಶಕದ ನಡುವೆ ಕುಂದಾಪುರ ತಾಲೂಕಿನಲ್ಲಿ ರೂಪುಗೊಂಡ ಮಕ್ಕಳ ಪಂಚಾಯತಿ. ಇಲ್ಲಿ ಮಕ್ಕಳೇ ಊರಿನ ಸಮೀಕ್ಷೆ ಮಾಡಿ, ತಾವು ಶಾಲೆ ತಪ್ಪಿಸುವುದು ಏಕೆಂದು ದೊಡ್ಡವರ ಮುಂದಿಟ್ಟರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕವಿಲ್ಲ, ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಬಾಲವಾಡಿಯಿಲ್ಲ, ನೀರು ಸೌದೆ ತರಲು ಬೇರೆ ಕೈಯಿಲ್ಲ ಎಂಬಂಥ ಕಾರಣಗಳವು.

ಈ ಎರಡರ ನಡುವೆ ಜಗಳ ಜೋರಾಗಿಯೇ ನಡೆಯಿತು. ದುಡಿಯುವ ಮಕ್ಕಳ ಸಂಘ ಕಟ್ಟುವುದೆಂದರೆ ದುಡಿಮೆಗೆ ಒಪ್ಪಿಗೆ ಕೊಟ್ಟಂತೆ ಎಂದು ಒಂದು ಪಕ್ಷ; ಮಕ್ಕಳನ್ನು ಕೇಳದೆ ನಿಷೇಧಿಸಿದರೆ ಅವರು ಇನ್ನೂ ಕತ್ತಲ ಕೆಲಸಕ್ಕೆ ಹೋಗುತ್ತಾರೆ ಎಂದು ಇನ್ನೊಂದು. ಗುರಿಯ ವಿಷಯದಲ್ಲಿ ಎಂ.ವಿ. ಫೌಂಡೇಶನ್ನಿನ ನಿಲುವೇ ಸರಿ: ಅರ್ಧ ದಿನ ದುಡಿದು ಅರ್ಧ ದಿನ ಓದುವ ಮಗು ಎರಡರಲ್ಲೂ ಸೋಲುತ್ತದೆ. ಆದರೆ ಘಟ್ಟದ ಹಳ್ಳಿಗಳಿಗೆ ಹೆಚ್ಚು ಒಗ್ಗುವ ಉಪಕರಣವನ್ನು ಕೊಟ್ಟದ್ದು ಕುಂದಾಪುರ. ಮಗುವಿನ ದುಡಿಮೆಯ ಹಿಂದೆ ಯಾವ ಸೌಲಭ್ಯದ ಕೊರತೆಯಿದೆ ಎಂಬುದನ್ನು ಒಂದೊಂದಾಗಿ ಪತ್ತೆ ಹಚ್ಚಿ, ಅದನ್ನು ಪಂಚಾಯತಿಯ ಕೆಲಸವಾಗಿಸಿದ ಕ್ರಮವದು. 2006ರಲ್ಲಿ ಸರ್ಕಾರ ಮಕ್ಕಳ ಗ್ರಾಮಸಭೆಯನ್ನು ರಾಜ್ಯದ ಎಲ್ಲ ಪಂಚಾಯತಿಗಳಿಗೂ ಕಡ್ಡಾಯ ಮಾಡಿತು. ಆದೇಶ ಹೋದಲ್ಲೆಲ್ಲ ಮೊದಲಿನ ಜೀವ ಹೋಗಲಿಲ್ಲ. ವರ್ಷಕ್ಕೊಮ್ಮೆ ನಡೆವ ಸಭೆಯಲ್ಲಿ ಮಕ್ಕಳು ಶೌಚಾಲಯ, ಕಾಂಪೌಂಡು, ಆಟದ ಮೈದಾನ ಕೇಳುತ್ತಾರೆ. ಕೊಯ್ಲಿನ ಹಂಗಾಮಿನಲ್ಲಿ ಯಾರ ಓದು ನಿಲ್ಲುತ್ತದೆ ಎಂಬ ಪ್ರಶ್ನೆ ಮೇಷ್ಟ್ರು ಬರೆದುಕೊಟ್ಟ ಚೀಟಿಯಲ್ಲಿ ಬರುವುದು ಅಪರೂಪ.

ಕುಟುಂಬದ ಆಸರೆ ಎಂದು ಹೆಸರಿಡದೆಯೇ ಹೆಚ್ಚು ಕೆಲಸ ಮಾಡಿದ್ದು ಬಿಸಿಯೂಟ. 2002ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾದ ಈ ಅಕ್ಷರ ದಾಸೋಹ ಯೋಜನೆ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಕೂಲಿಗೆ ಹೋಗುವ ತಾಯಿಗೆ ಮಗುವಿನ ಮಧ್ಯಾಹ್ನದ ಊಟದ ಚಿಂತೆ ತಪ್ಪಿತು. ಮಗುವನ್ನು ಹೊಲಕ್ಕೆ ಕರೆದೊಯ್ಯುವ ಕಾರಣಗಳಲ್ಲಿ ಒಂದು ಇಲ್ಲವಾಯಿತು. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಉಚಿತವಾದ ಬಸ್ ಪ್ರಯಾಣ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಇವೂ ಇದೇ ಸಾಲಿಗೆ ಸೇರುತ್ತವೆ. 2006ರ ಭಾಗ್ಯಲಕ್ಷ್ಮಿ ಯೋಜನೆಯಂತೂ ಹಣ ಕೈಸೇರಬೇಕಾದರೆ ಹುಡುಗಿ ಎಂಟನೇ ತರಗತಿ ಮುಗಿಸಿರಬೇಕು, ಬಾಲಕಾರ್ಮಿಕಳಾಗಿರಬಾರದು, 18ಕ್ಕೆ ಮುನ್ನ ಮದುವೆಯಾಗಿರಬಾರದು ಎಂದು ಷರತ್ತು ಹಾಕಿತು. ಷರತ್ತು ಒಳ್ಳೆಯದೇ. ಆದರೆ ಹುಡುಗಿ ಹನ್ನೊಂದನೆಯ ವಯಸ್ಸಿನಲ್ಲಿ ಮನೆಯಲ್ಲಿ ಉಳಿಯುವುದು ಕೂಸು ನೋಡಿಕೊಳ್ಳಲು. ಹದಿನೆಂಟರಲ್ಲಿ ಬರುವ ದುಡ್ಡು ಆ ಕೂಸನ್ನು ನೋಡಿಕೊಳ್ಳುವುದಿಲ್ಲ. ಈ ಕೊರತೆಗೆ ನೇರ ಉತ್ತರ 2023ರಲ್ಲಿ ಸುಮಾರು 4,000 ಗ್ರಾಮ ಪಂಚಾಯತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ. ಉದ್ಯೋಗ ಖಾತ್ರಿ ಕೆಲಸದ ತಾಯಂದಿರಿಗಾಗಿ ಹುಟ್ಟಿದ ಇದು ಅಕ್ಕಂದಿರನ್ನೂ ಶಾಲೆಗೆ ಕಳಿಸಬಲ್ಲದು. ಶುಂಠಿ ಹೊಲದ, ಅಡಿಕೆ ಅಂಗಳದ ಕೂಲಿಯವರ ಮಕ್ಕಳಿಗೂ ಅದರ ಬಾಗಿಲು ತೆರೆಯಬೇಕು, ಕೊಯ್ಲಿನ ತಿಂಗಳುಗಳಲ್ಲಿ ಹೊತ್ತು ಮುಳುಗಿದ ಮೇಲೂ ತೆರೆದಿರಬೇಕು.

ಆಸರೆ ಯಾರಿಗೆ ಸಿಗುತ್ತದೆ ಎಂಬುದರಲ್ಲೂ ಏರುಪೇರಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ವಿದ್ಯಾರ್ಥಿವೇತನ, ಹಾಸ್ಟೆಲಿನ ಹಾದಿ ಅದರಿಂದ ಸುಗಮವಾಯಿತು. ಅದೇ ಕಾಡಿನಲ್ಲಿ ಬದುಕುವ ಗೌಳಿಗರ ಅದೇ ಬೇಡಿಕೆ ಈಡೇರಿಲ್ಲ. ಕಾಡಿನೊಳಗಿನ ದಡ್ಡಿಯ ಮಗುವಿಗೆ ಹಾಸ್ಟೆಲಿಲ್ಲದಿದ್ದರೆ ಶಾಲೆಯೇ ಇಲ್ಲ. ಈ ಭಾಗದಲ್ಲಿ ಗೌಳಿಗರ ನಡುವೆ ನಿಂತು ಕೆಲಸ ಮಾಡಿದ್ದು ಮುಂಡಗೋಡದ ಲೊಯೋಲಾ ವಿಕಾಸ ಕೇಂದ್ರದಂಥ ಸಂಸ್ಥೆಗಳು. ಸರ್ಕಾರದ ಪಟ್ಟಿ ತುಂಬದ ಜಾಗವನ್ನು ಅವು ತುಂಬಿದ್ದು ಮೆಚ್ಚತಕ್ಕದ್ದು. ಆ ಜಾಗ ಇಷ್ಟು ಕಾಲ ಖಾಲಿ ಉಳಿದದ್ದು ಒಪ್ಪತಕ್ಕದ್ದಲ್ಲ.

ಕೋವಿಡ್ ಕಾಲ ಈ ಎಲ್ಲ ಪ್ರಯತ್ನಗಳ ಗಟ್ಟಿತನವನ್ನು ಪರೀಕ್ಷಿಸಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಬಿಸಿಯೂಟದ ಬದಲು ಮನೆಗೆ ರೇಷನ್ ಬಂತು, ಆದರೆ ಹಗಲನ್ನು ಹಿಡಿದಿಡುವ ಶಾಲೆ ಇರಲಿಲ್ಲ. ಮಕ್ಕಳು ಮತ್ತೆ ದೊಡ್ಡವರ ಹಿಂದೆ ಹೊರಟರು. ಚಿಕ್ಕವರು ಬಹುಮಟ್ಟಿಗೆ ಮರಳಿದರು. ಹದಿಮೂರು ದಾಟಿದ ಎಷ್ಟೋ ಹುಡುಗರಿಗೆ ಅಷ್ಟರಲ್ಲಿ ಕೂಲಿಯ ರುಚಿ ಹತ್ತಿತ್ತು.

ಈಗ ಉಳಿದಿರುವ ದೊಡ್ಡ ತೆರಪು ಈ ವಯಸ್ಸಿನದೇ. ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಗೆ, 14 ವರ್ಷಕ್ಕೆ ನಿಲ್ಲುತ್ತದೆ. ಬಾಲಕಾರ್ಮಿಕ ಕಾಯ್ದೆ 14ರಿಂದ 18ರವರಿಗೆ ಅಪಾಯಕಾರಿ ಕೆಲಸವನ್ನಷ್ಟೇ ತಡೆಯುತ್ತದೆ. ಊರಿನ ಹಿರಿಯ ಪ್ರಾಥಮಿಕ ಶಾಲೆ ಮುಗಿಸಿದ ಹುಡುಗ ಹೈಸ್ಕೂಲಿಗೆ ಹತ್ತಾರು ಕಿಲೋಮೀಟರು ಹೋಗಬೇಕಾದಾಗ, ಹುಡುಗಿಯರಿಗೆ ಸಿಗುವ ಉಚಿತ ಬಸ್ಸು ಅವನಿಗಿಲ್ಲ. ಮನೆಯ ಹತ್ತಿರದ ತೋಟದಲ್ಲಿ ದೊಡ್ಡವರ ಕೂಲಿ ಕಾದಿರುತ್ತದೆ. ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಅದರ ಅಧಿಕಾರಿಗಳು ಶಿರಸಿಯಲ್ಲೇ ಇದ್ದಾರೆ. ಎಂಟನೇ ತರಗತಿ ಮುಗಿಸಿದ ಪ್ರತಿ ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿದೆ. ಆ ಹೆಸರುಗಳಲ್ಲಿ ಯಾರು ಜೂನ್ ತಿಂಗಳಲ್ಲಿ ಒಂಬತ್ತಕ್ಕೆ ಸೇರಲಿಲ್ಲ ಎಂದು ನೋಡಿ ಆ ಮನೆಗಳಿಗೆ ಹೋಗುವುದು, ಹಾಸ್ಟೆಲಿನ ಸೀಟೋ ಬಸ್ ಪಾಸೋ ಅಲ್ಲಿಯೇ ಒದಗಿಸುವುದು ಹೊಸ ಕಾನೂನಾಗಲಿ ಹೊಸ ಯೋಜನೆಯಾಗಲಿ ಬೇಡದ ಕೆಲಸ.