ಬೆಳ್ಳಿತೆರೆಯ ವಿಜ್ಞಾನ: ತಪ್ಪು ಎಣಿಸುವವರೊಂದಿಗೆ ಒಂದು ತಕರಾರು

ವಿಜ್ಞಾನ ಓದಿದವರು ಸಿನಿಮಾ ನೋಡಿ ಹೊರಬಂದ ಮೇಲೆ ಮೊದಲು ಮಾಡುವ ಕೆಲಸ ಯಾವುದು? ತಪ್ಪುಗಳ ಪಟ್ಟಿ. ನಿರ್ವಾತದಲ್ಲಿ ಸದ್ದು ಕೇಳಿಸಿತು, ಡೈನೋಸಾರ್‌ಗೆ ಗರಿ ಇರಲಿಲ್ಲ, ಮಂಗಳನಲ್ಲಿ ಬಿರುಗಾಳಿ ಬೀಸಿತು, ಹೀಗೆ. ಪಟ್ಟಿ ಉದ್ದವಾದಷ್ಟೂ ಚಿತ್ರ ಕಳಪೆ, ಚಿಕ್ಕದಾದಷ್ಟೂ ಉತ್ತಮ ಎಂಬುದು ಈ ಲೆಕ್ಕಾಚಾರದ ತಿರುಳು. ಸಿನಿಮಾ ಹುಚ್ಚೂ ವಿಜ್ಞಾನದ ಹುಚ್ಚೂ ಒಟ್ಟಿಗೇ ಹತ್ತಿರುವ ನನಗೆ ಈ ಲೆಕ್ಕಾಚಾರ ಒಪ್ಪಿಗೆಯಿಲ್ಲ.

ಮಾಹಿತಿಯ ತಪ್ಪನ್ನು ಪಠ್ಯಪುಸ್ತಕದ ಒಂದು ಸಾಲು ತಿದ್ದಬಲ್ಲದು. ಆದರೆ 'ವಿಜ್ಞಾನಿ ಹೀಗೆ ಯೋಚಿಸುತ್ತಾನೆ, ಸತ್ಯವನ್ನು ಹೀಗೆ ನಿರ್ಧರಿಸುತ್ತಾನೆ' ಎಂದು ಚಿತ್ರವೊಂದು ನಮ್ಮ ಮನಸ್ಸಿನಲ್ಲಿ ಬಿತ್ತುವ ಕಲ್ಪನೆ ಸುಲಭವಾಗಿ ಅಳಿಯುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಎಷ್ಟು ತಪ್ಪುಗಳಿವೆ ಎನ್ನುವುದಕ್ಕಿಂತ ಅವು ಎಲ್ಲಿವೆ ಎಂದು ನೋಡಬೇಕು. ಈ ಅಳತೆಗೋಲು ಹಿಡಿದರೆ ಜನಪ್ರಿಯ ಚಿತ್ರಗಳ ಸ್ಥಾನಮಾನ ತಲೆಕೆಳಗಾಗುತ್ತದೆ. ಹೇಗೆಂದು ನೀವೇ ನೋಡಿ.

ಸ್ಟಾರ್ ವಾರ್ಸ್: ಸದ್ದು ತಪ್ಪಲ್ಲ, ರಕ್ತಪರೀಕ್ಷೆ ತಪ್ಪು

ಜಾರ್ಜ್ ಲ್ಯೂಕಾಸ್ ಅವರ 'ಸ್ಟಾರ್ ವಾರ್ಸ್' ತೆರೆಕಂಡದ್ದು 1977ರಲ್ಲಿ. ಮಾಧ್ಯಮವಿಲ್ಲದ ಕಡೆ ಧ್ವನಿ ಸಾಗದು, ಆದರೂ ಇಲ್ಲಿ ವ್ಯೋಮನೌಕೆಗಳು ಗುಡುಗುತ್ತವೆ. ಪಾರ್ಸೆಕ್ ಎಂಬುದು ಸುಮಾರು 3.26 ಜ್ಯೋತಿರ್ವರ್ಷಗಳ ದೂರ. ಇಲ್ಲಿನ ನಾಯಕನೊಬ್ಬ ತನ್ನ ನೌಕೆಯ ವೇಗವನ್ನು ಕೊಚ್ಚಿಕೊಳ್ಳಲು 'ಹನ್ನೆರಡು ಪಾರ್ಸೆಕ್' ಎಂದು ಅದನ್ನು ಕಾಲದ ಮಾನದಂತೆ ಬಳಸುತ್ತಾನೆ. ಇವೆರಡನ್ನೂ ನಾನು ಮನ್ನಿಸುತ್ತೇನೆ. ಏಕೆಂದರೆ ಇದು ವಿಜ್ಞಾನದ ಕಥೆಯೇ ಅಲ್ಲ, ನಕ್ಷತ್ರಗಳ ನಡುವೆ ನಡೆಯುವ ಪುರಾಣ. ಯಕ್ಷಗಾನ ನೋಡುವಾಗ ಪುಷ್ಪಕ ವಿಮಾನಕ್ಕೆ ಇಂಧನ ಯಾವುದೆಂದು ನೀವು ಕೇಳುತ್ತೀರಾ?

ನನ್ನ ಆಕ್ಷೇಪ 1999ರ 'ದಿ ಫ್ಯಾಂಟಮ್ ಮೆನೇಸ್' ಚಿತ್ರದ ಬಗ್ಗೆ. ಅದುವರೆಗೆ ನಿಗೂಢ ಶಕ್ತಿಯಾಗಿದ್ದ 'ಫೋರ್ಸ್'ಗೆ ಇಲ್ಲಿ ಜೀವಕೋಶಗಳೊಳಗೆ ವಾಸಿಸುವ 'ಮಿಡಿ-ಕ್ಲೋರಿಯನ್' ಎಂಬ ಸೂಕ್ಷ್ಮಜೀವಿಗಳ ಕಾರಣ ಕೊಡಲಾಯಿತು. ಹುಡುಗನ ರಕ್ತ ಪರೀಕ್ಷಿಸಿ, ಎಣಿಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಎಂದು ಘೋಷಿಸುತ್ತಾರೆ. ಪವಾಡದ ಸೊಗಸು ಕೆಟ್ಟಿತೆಂದು ಅಭಿಮಾನಿಗಳು ಗೊಣಗಿದರು. ನನ್ನ ದೂರು ಬೇರೆ. ಸೂಕ್ಷ್ಮಜೀವಿಯ ಹೆಸರು ಹೇಳಿದ ಮಾತ್ರಕ್ಕೆ ಯಾವುದೂ ವಿವರಿಸಲ್ಪಡುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ, ಯಾವ ಪ್ರಯೋಗದಿಂದ ಅದನ್ನು ಸುಳ್ಳೆಂದು ತೋರಿಸಬಹುದು ಎಂಬ ಪ್ರಶ್ನೆಗಳಿಗೆ ಇಲ್ಲಿ ಜಾಗವಿಲ್ಲ. ಪವಾಡಕ್ಕೆ ಪ್ರಯೋಗಾಲಯದ ಬಿಳಿ ಕೋಟು ತೊಡಿಸಿದಂತಾಯಿತು, ಅಷ್ಟೆ. 'ಕ್ವಾಂಟಂ' ಎಂಬ ಪದ ಅಂಟಿಸಿ ಬಳೆ, ಬಿಲ್ಲೆಗಳನ್ನು ಮಾರುವ ಜಾಹೀರಾತುಗಳ ವಿಧಾನವೂ ಇದೇ ಅಲ್ಲವೆ?

ಜುರಾಸಿಕ್ ಪಾರ್ಕ್: ಹಳೆಯದೇ ಹೆಚ್ಚು ವೈಜ್ಞಾನಿಕ

ಸ್ಪೀಲ್‌ಬರ್ಗ್ ಅವರ 1993ರ 'ಜುರಾಸಿಕ್ ಪಾರ್ಕ್' ಇಂದು ಹಳತಾಯಿತು, ಅದರ ವಿಜ್ಞಾನ ಪೊಳ್ಳು ಎನ್ನುವವರಿದ್ದಾರೆ. ಡಿಎನ್‌ಎ ಅಷ್ಟು ಕಾಲ ಉಳಿಯದು ಎಂಬುದು ನಿಜ. ನ್ಯೂಜಿಲೆಂಡಿನ ಅಳಿದುಹೋದ ಮೋವಾ ಪಕ್ಷಿಯ ಮೂಳೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿನ ಪರಿಸ್ಥಿತಿಯಲ್ಲಿ ಡಿಎನ್‌ಎಯ ಅರ್ಧಾಯು ಸುಮಾರು 521 ವರ್ಷ ಎಂದು ಅಂದಾಜಿಸಿತು. ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ನೆಲದಿಂದ ತೆಗೆದು 2022ರಲ್ಲಿ ವರದಿ ಮಾಡಿದ ಡಿಎನ್‌ಎಗೂ ಸುಮಾರು 20 ಲಕ್ಷ ವರ್ಷಗಳಷ್ಟೇ ವಯಸ್ಸು. ಪಕ್ಷಿಗಳನ್ನು ಬಿಟ್ಟರೆ ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷಗಳಾಗಿವೆ.

ಆದರೆ ಒಂದು ಸಂಗತಿ ಗಮನಿಸಿ. 1993ರಲ್ಲೇ, ಆಂಬರಿನಲ್ಲಿ ಸಿಕ್ಕಿಕೊಂಡ ಕೋಟ್ಯಂತರ ವರ್ಷ ಹಳೆಯ ಕೀಟದಿಂದ ಡಿಎನ್‌ಎ ಪಡೆದುದಾಗಿ ವಿಜ್ಞಾನ ಪತ್ರಿಕೆಯಲ್ಲೇ ವರದಿಯಾಗಿತ್ತು. ಬೇರೆ ಪ್ರಯೋಗಾಲಯಗಳಿಗೆ ಅದನ್ನು ಪುನರಾವರ್ತಿಸಲು ಆಗದೆ ಆ ಹೇಳಿಕೆ ಬಿದ್ದುಹೋದದ್ದು ಆಮೇಲೆ. ಅಂದರೆ ಚಿತ್ರವು ಅಂದಿನ ವಿಜ್ಞಾನದ ಅಂಚಿನಲ್ಲೇ ನಿಂತಿತ್ತು. ಡೈನೋಸಾರ್‌ಗಳಿಗೂ ಪಕ್ಷಿಗಳಿಗೂ ಇರುವ ಸಂಬಂಧವನ್ನು ಅದರ ನಾಯಕ ಮೊದಲ ದೃಶ್ಯಗಳಲ್ಲೇ ವಾದಿಸುತ್ತಾನೆ.

ನಂತರ ಏನಾಯಿತು? ಪುಕ್ಕದಂಥ ಹೊದಿಕೆಯಿದ್ದ ಸೈನೋಸಾರಾಪ್ಟೆರಿಕ್ಸ್ 1996ರಲ್ಲಿ ಚೀನಾದಲ್ಲಿ ಬೆಳಕಿಗೆ ಬಂತು. ವೆಲಾಸಿರಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿ ನಾಟಿಕೊಳ್ಳುವ ಗಂಟುಗಳಿದ್ದವೆಂದು 2007ರಲ್ಲಿ ವರದಿಯಾಯಿತು. ಆ ಪ್ರಾಣಿ ಹೆಚ್ಚುಕಡಿಮೆ ಟರ್ಕಿ ಕೋಳಿಯಷ್ಟೇ ದೊಡ್ಡದು. ಆದರೂ 2015ರ 'ಜುರಾಸಿಕ್ ವರ್ಲ್ಡ್'ನಲ್ಲಿ ಅದು ಆಳೆತ್ತರದ, ಬೋಳು ಮೈಯ ಹಲ್ಲಿಯಾಗಿಯೇ ಓಡಿತು. ವಂಶವಾಹಿ ಬೆರೆಸಿದ್ದರಿಂದ ಹಾಗಾಯಿತೆಂಬ ಸಬೂಬೂ ಚಿತ್ರದಲ್ಲಿದೆ. ಗರಿ ಹೊದ್ದ ಡೈನೋಸಾರ್ ಈ ಸರಣಿಯಲ್ಲಿ ಎದ್ದು ಕಾಣುವಂತೆ ಬರಲು 2022ರವರೆಗೆ ಕಾಯಬೇಕಾಯಿತು. ಹೊಸ ಸಾಕ್ಷ್ಯ ಸಿಕ್ಕಾಗ ವಿಜ್ಞಾನ ತನ್ನನ್ನು ತಿದ್ದಿಕೊಳ್ಳುತ್ತದೆ. ಲಾಭದ ಸರಣಿ ತನ್ನ ಗೊಂಬೆಯ ಆಕಾರವನ್ನು ಕಾಪಾಡಿಕೊಳ್ಳುತ್ತದೆ.

ಗ್ರಾವಿಟಿ: ಕಕ್ಷೆಯ ತಪ್ಪು ಸಣ್ಣದು, ಹಗ್ಗದ ತಪ್ಪು ದೊಡ್ಡದು

2013ರ 'ಗ್ರಾವಿಟಿ'ಯಲ್ಲಿ ಗಗನಯಾತ್ರಿಗಳು ಹಬಲ್ ದೂರದರ್ಶಕದ ಬಳಿಯಿಂದ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತೇಲಿಹೋಗುತ್ತಾರೆ. ಹಬಲ್ ಆಗ ಸುಮಾರು 550 ಕಿ.ಮೀ. ಎತ್ತರದಲ್ಲಿತ್ತು, ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ. ಅದಕ್ಕಿಂತ ಮುಖ್ಯವಾಗಿ, ಸಮಭಾಜಕಕ್ಕೆ ಅವುಗಳ ಕಕ್ಷೆಗಳ ಓರೆ ಕ್ರಮವಾಗಿ 28.5 ಮತ್ತು 51.6 ಡಿಗ್ರಿ. ಈ ವ್ಯತ್ಯಾಸ ದಾಟಲು ಸೆಕೆಂಡಿಗೆ ಕನಿಷ್ಠ 3 ಕಿ.ಮೀ.ನಷ್ಟು ವೇಗ ಬದಲಾವಣೆ ಬೇಕು. ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರಕ್ಕೆ ಇದು ಅಸಾಧ್ಯ. ಆದರೂ ಕಥೆ ಮುಂದೆ ಸಾಗಲು ಊರುಗಳನ್ನು ಹತ್ತಿರ ತಂದಂತೆ ಇದು, ಬಿಡೋಣ.

ಚಿತ್ರದ ಮೂಲ ಕಲ್ಪನೆಗಂತೂ ಪೂರ್ಣ ಅಂಕ ಕೊಡುತ್ತೇನೆ. ಒಂದು ಉಪಗ್ರಹದ ಚೂರುಗಳು ಇನ್ನೊಂದಕ್ಕೆ ಬಡಿದು, ಅದರ ಚೂರುಗಳು ಮತ್ತೊಂದಕ್ಕೆ ಬಡಿಯುವ ಸರಪಳಿಯನ್ನು ಡೊನಾಲ್ಡ್ ಕೆಸ್ಲರ್ 1978ರಲ್ಲೇ ಮುಂಗಂಡಿದ್ದರು. ಚಿತ್ರದಲ್ಲಿ ರಷ್ಯಾ ಕ್ಷಿಪಣಿ ಬಿಟ್ಟು ತನ್ನದೇ ಉಪಗ್ರಹವನ್ನು ಒಡೆಯುತ್ತದೆ. 2021ರ ನವೆಂಬರಿನಲ್ಲಿ ಅದು ನಿಜವಾಗಿಯೂ ನಡೆಯಿತು. ನಿಲ್ದಾಣದಲ್ಲಿದ್ದವರು ಮುನ್ನೆಚ್ಚರಿಕೆಯಾಗಿ ತಮ್ಮ ನೌಕೆಗಳೊಳಗೆ ಆಶ್ರಯ ಪಡೆಯಬೇಕಾಯಿತು.

ನಾನು ಮನ್ನಿಸಲಾರದ್ದು ಎಲ್ಲರೂ ಕಣ್ಣೀರಿಟ್ಟ ದೃಶ್ಯವನ್ನು. ಹಗ್ಗಗಳಿಗೆ ಸಿಕ್ಕಿಕೊಂಡ ನಾಯಕಿ ಸಹಯಾತ್ರಿಯನ್ನು ಹಿಡಿದಿದ್ದಾಳೆ. ಆತ ತನ್ನನ್ನು ಬಿಡಿಸಿಕೊಂಡ ಕೂಡಲೇ ದೂರ ಸೆಳೆಯಲ್ಪಡುತ್ತಾನೆ. ಸೆಳೆಯುವುದು ಯಾವುದು? ಬಾವಿಯ ಹಗ್ಗ ಹಿಡಿದು ನೇತಾಡುವವನನ್ನು ಭೂಮಿ ಎಳೆಯುತ್ತದೆ. ಕಕ್ಷೆಯಲ್ಲಾದರೋ ನಿಲ್ದಾಣವೂ ಇವರಿಬ್ಬರೂ ಒಟ್ಟಿಗೇ ಭೂಮಿಯತ್ತ ಬೀಳುತ್ತಿರುತ್ತಾರೆ. ಒಮ್ಮೆ ಹಗ್ಗ ಬಿಗಿದು ಅವರು ನಿಂತರೆ, ಮೆಲ್ಲನೆ ಜಗ್ಗಿದರೂ ಆತ ತೇಲಿ ಬರಬೇಕು. ಹಗ್ಗ ಇನ್ನೂ ಜಾರುತ್ತಿತ್ತೆಂದು ಸಮರ್ಥಿಸುವವರಿದ್ದಾರೆ, ಆದರೆ ತೆರೆಯ ಮೇಲೆ ಕಾಣುವುದು ಪ್ರಪಾತದಂಚಿನ ನೇತಾಟ. ತ್ಯಾಗದ ಇಡೀ ಭಾರ ನಿಂತಿರುವುದು ನ್ಯೂಟನ್ನನ ಮೊದಲ ನಿಯಮ ಮುರಿದ ಜಾಗದಲ್ಲಿ. ಕಥೆ ಊರುಗೋಲಾಗಿ ಹಿಡಿದ ತಪ್ಪು, ಕಥೆಯ ಬದಿಯಲ್ಲಿ ಬಿದ್ದಿರುವ ತಪ್ಪಿಗಿಂತ ದೊಡ್ಡದು.

ಇಂಟರ್‌ಸ್ಟೆಲ್ಲಾರ್: ಸರಿಯಾದ ಕಪ್ಪುಕುಳಿ, ಸರಿಯಿಲ್ಲದ ತೀರ್ಪು

ಈಗ ನೀವು ಮುನಿಸಿಕೊಳ್ಳಬಹುದಾದ ಮಾತು. ಕ್ರಿಸ್ಟೋಫರ್ ನೋಲನ್ ಅವರ 2014ರ 'ಇಂಟರ್‌ಸ್ಟೆಲ್ಲಾರ್' ಅತಿ ವೈಜ್ಞಾನಿಕ ಚಿತ್ರವೆಂದು ಹೊಗಳಿಸಿಕೊಂಡಿದೆ. 2017ರಲ್ಲಿ ನೊಬೆಲ್ ಪಡೆದ ಕಿಪ್ ಥಾರ್ನ್ ಅದರ ಸಲಹೆಗಾರರು. ಕಪ್ಪುಕುಳಿಯ ಸುತ್ತ ಬೆಳಕು ಬಾಗುವುದನ್ನು ಐನ್‌ಸ್ಟೈನರ ಸಮೀಕರಣಗಳಿಂದಲೇ ಲೆಕ್ಕ ಹಾಕಿ ಚಿತ್ರಿಸಿದರು, ಆ ಕೆಲಸ 2015ರಲ್ಲಿ ಸಂಶೋಧನಾ ಪ್ರಬಂಧವಾಗಿಯೂ ಬಂತು. ಸುತ್ತುವ ತಟ್ಟೆಯ ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಬೆಳಗಬೇಕಿದ್ದ ಡಾಪ್ಲರ್ ಪರಿಣಾಮವನ್ನು ಮಾತ್ರ ಪ್ರೇಕ್ಷಕರಿಗೆ ಗೊಂದಲವಾದೀತೆಂದು ಕೈಬಿಟ್ಟರು. ಇದು ಸಣ್ಣ ಸಂಗತಿ.

ದೊಡ್ಡ ಸಂಗತಿ ಕಥೆಯ ತಿರುವಿನಲ್ಲಿದೆ. ಇಂಧನ ಸಾಲದು, ಎರಡು ಗ್ರಹಗಳಲ್ಲಿ ಒಂದನ್ನು ಆರಿಸಬೇಕು. ಒಂದರಿಂದ ಇನ್ನೂ ಮಾಹಿತಿ ಬರುತ್ತಿದೆ. ಇನ್ನೊಂದರ ಮಾಹಿತಿ ಆಶಾದಾಯಕವಾಗಿದ್ದರೂ ಸಂಕೇತ ನಿಂತುಹೋಗಿದೆ, ಆದರೆ ಅಲ್ಲಿಗೆ ಹೋದವನು ವಿಜ್ಞಾನಿಯೊಬ್ಬಳ ಪ್ರಿಯಕರ. ಪ್ರೀತಿಯೂ ನಮಗಿನ್ನೂ ಅರ್ಥವಾಗದ ಒಂದು ಆಯಾಮವಿದ್ದೀತು, ಅದನ್ನು ನಂಬೋಣ ಎಂದು ಆಕೆ ವಾದಿಸುತ್ತಾಳೆ. ಉಳಿದವರು ಮಾಹಿತಿಯನ್ನು ನಂಬುತ್ತಾರೆ, ಅದು ಸುಳ್ಳೆಂದು ಬಯಲಾಗುತ್ತದೆ. ಕೊನೆಗೆ ವಾಸಯೋಗ್ಯವಾಗಿ ಕಾಣುವುದು ಪ್ರಿಯಕರನ ಗ್ರಹವೇ. ಅಂದರೆ ಸಾಕ್ಷ್ಯ ಸೋತು, ಹೃದಯದ ಅನಿಸಿಕೆ ಗೆದ್ದಿತು. ಪ್ರೀತಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ 'ನನಗೆ ಹಾಗೆ ಅನಿಸುತ್ತದೆ' ಎಂಬುದು ಸಾಕ್ಷ್ಯಕ್ಕೆ ಸಮನಾದ ಆಧಾರವೆಂದು ಹೇಳುವ ಚಿತ್ರವನ್ನು, ಅದರ ಕಪ್ಪುಕುಳಿ ಎಷ್ಟೇ ಕರಾರುವಾಕ್ಕಾಗಿರಲಿ, ಅತಿ ವೈಜ್ಞಾನಿಕ ಎನ್ನಲಾರೆ.

ದಿ ಮಾರ್ಷಿಯನ್: ತಪ್ಪಿನಿಂದ ಶುರುವಾದ ಒಳ್ಳೆಯ ಪಾಠ

2015ರ 'ದಿ ಮಾರ್ಷಿಯನ್' ಆರಂಭವಾಗುವುದೇ ತಪ್ಪಿನಿಂದ. ಮಂಗಳನ ಮೇಲ್ಮೈಯಲ್ಲಿ ಗಾಳಿಯ ಸಾಂದ್ರತೆ ಇಲ್ಲಿಯದರ ಸುಮಾರು ಅರುವತ್ತರಲ್ಲೊಂದು ಪಾಲು. ಗಾಳಿಯ ತಳ್ಳುವಿಕೆ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಲೆಕ್ಕ ಹಾಕಿ: ಅಲ್ಲಿಯ ಗಂಟೆಗೆ 100 ಕಿ.ಮೀ. ಬಿರುಗಾಳಿ, ಇಲ್ಲಿಯ ಗಂಟೆಗೆ 13 ಕಿ.ಮೀ. ಗಾಳಿಗೆ ಸಮ. ಅದು ಒಣಹಾಕಿದ ಬಟ್ಟೆ ಅಲುಗಿಸೀತು, ರಾಕೆಟ್ಟನ್ನು ಉರುಳಿಸದು. ಮೂಲ ಕಾದಂಬರಿಕಾರ ಆಂಡಿ ವೀರ್ ಇದನ್ನು ಬಲ್ಲವರೇ.

ಆದರೆ ಮುಂದಿನ ಎರಡು ಗಂಟೆ ನೋಡಿ. ನೀರು ಬೇಕು. ಹೈಡ್ರಜೀನ್ ಇಂಧನವನ್ನು ಇರಿಡಿಯಂ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ನೈಟ್ರೊಜನ್ ಮತ್ತು ಹೈಡ್ರೊಜನ್ ಬೇರೆಯಾಗುತ್ತವೆ. ಹೈಡ್ರೊಜನ್ ಉರಿಸಿದರೆ ನೀರು. ನಾಯಕ ಮಾಡುತ್ತಾನೆ, ಸ್ಫೋಟವಾಗುತ್ತದೆ. ತಾನು ಉಸಿರಿನಲ್ಲಿ ಹೊರಬಿಟ್ಟ ಆಕ್ಸಿಜನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೆಂದು ಅವನೇ ಕಂಡುಕೊಂಡು ಮತ್ತೆ ಮಾಡುತ್ತಾನೆ. ಊಹೆ, ಲೆಕ್ಕ, ಪ್ರಯೋಗ, ಸೋಲು, ತಿದ್ದುಪಡಿ: ವಿಜ್ಞಾನವೆಂದರೆ ಇದೇ. ಪಟ್ಟಿಯ ಮೊದಲಲ್ಲೇ ಭಾರಿ ತಪ್ಪಿದ್ದರೂ ಈ ಚಿತ್ರವನ್ನು ನಾನು 'ಇಂಟರ್‌ಸ್ಟೆಲ್ಲಾರ್'ಗಿಂತ ಮೇಲಿಡುತ್ತೇನೆ.

ಮಿಷನ್ ಮಂಗಲ್: ಪೂರಿಯ ತಪ್ಪೇನು?

ನಮ್ಮ ಇಸ್ರೋದ ಕಥೆ ಆಧರಿಸಿದ 2019ರ ಹಿಂದಿ ಚಿತ್ರ 'ಮಿಷನ್ ಮಂಗಲ್'ನಲ್ಲಿ, ಅನಿಲ ಆರಿಸಿದ ಮೇಲೂ ಕಾದ ಎಣ್ಣೆಯಲ್ಲಿ ಪೂರಿ ಕರಿಯುವ ಉದಾಹರಣೆಯಿಂದ ಇಂಧನ ಉಳಿತಾಯದ ಉಪಾಯ ಹೊಳೆಯುತ್ತದೆ. ರಾಕೆಟ್ ವಿಜ್ಞಾನವನ್ನು ಅಡುಗೆಮನೆಗೆ ಇಳಿಸಿದರೆಂದು ನಕ್ಕವರಿದ್ದಾರೆ. ಅಡುಗೆಮನೆಯ ಉದಾಹರಣೆಗೆ ನನ್ನ ಆಕ್ಷೇಪವಿಲ್ಲ, ಉದಾಹರಣೆ ವಿಷಯವನ್ನು ಮುಟ್ಟಲಿಲ್ಲ ಎಂಬುದಕ್ಕಿದೆ.

2013ರ ನವೆಂಬರ್ 5ರಂದು ಮೇಲೇರಿದ ಮಂಗಳಯಾನ ನೌಕೆ ಭೂಮಿಯನ್ನು ಸುತ್ತುತ್ತಾ, ಅತಿ ಸಮೀಪಕ್ಕೆ ಬಂದಾಗ ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸಿಕೊಂಡಿತು. ಸಮೀಪದಲ್ಲೇ ಏಕೆ? ಅಲ್ಲಿ ವೇಗ ಅತಿ ಹೆಚ್ಚು, ಅಷ್ಟೇ ಇಂಧನದಿಂದ ಹೆಚ್ಚು ಶಕ್ತಿ ಸಿಗುತ್ತದೆ. ಇದಕ್ಕೆ ಪೂರಿಗಿಂತ ಉಯ್ಯಾಲೆ ಹತ್ತಿರದ ಹೋಲಿಕೆ. ಅದು ತಳದ ಬಿಂದುವನ್ನು ರಭಸದಿಂದ ಹಾಯುವಾಗ ಅಷ್ಟೇ ಹೊತ್ತು ಅಷ್ಟೇ ಬಲದಿಂದ ತಳ್ಳಿದರೆ ಹೆಚ್ಚು ಎತ್ತರಕ್ಕೆ ಜೀಕುತ್ತದೆ. ನವೆಂಬರ್ 11ರ ಉರಿತದಲ್ಲಿ ಬೇಕಾದಷ್ಟು ವೇಗ ಸಿಗಲಿಲ್ಲ. ಮರುದಿನವೇ ಪೂರಕ ಉರಿತ ನಡೆಸಿ ಸರಿಪಡಿಸಿದರು. ಹೊಳಹಿಗಿಂತ ಈ ತಾಳ್ಮೆಯ ತಿದ್ದುಪಡಿಯೇ ನೌಕೆಯನ್ನು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಗೆ ಮುಟ್ಟಿಸಿತು.

ನೀವೇನು ಮಾಡಬಹುದು?

ಮುಂದಿನ ಬಾರಿ ಇಂಥ ಚಿತ್ರ ನೋಡಿದಾಗ ಮಕ್ಕಳೊಂದಿಗೆ ಮೂರು ಪ್ರಶ್ನೆ ಕೇಳಿ. ಈ ತಪ್ಪು ಕಥೆಯ ಬದಿಯಲ್ಲಿದೆಯೋ, ಬುಡದಲ್ಲಿದೆಯೋ? ವಿಜ್ಞಾನದ ಪದ ಏನನ್ನಾದರೂ ವಿವರಿಸಿತೋ, ಬರಿಯ ಅಲಂಕಾರವೋ? ಪಾತ್ರಗಳು ತೀರ್ಮಾನಕ್ಕೆ ಬಂದದ್ದು ಸಾಕ್ಷ್ಯದಿಂದಲೋ, ಅನಿಸಿಕೆಯಿಂದಲೋ? ಉತ್ತರಗಳು ನನ್ನವಕ್ಕಿಂತ ಬೇರೆಯಾದರೆ ಸಂತೋಷವೇ. ಆದರೆ ಕಾರಣ ಕೊಟ್ಟು ಒಪ್ಪದಿರಿ.